ಪಟ್ಟಿಯಲ್ಲಿ ಇಲ್ಲದ ಮಾದಕಗಳು

ಜಾನ್ ಹಫ್‌ಮನ್ ಅಮೆರಿಕದ ಕ್ಲೆಮ್ಸನ್ ವಿಶ್ವವಿದ್ಯಾಲಯದಲ್ಲಿ ರಸಾಯನಶಾಸ್ತ್ರದ ಮೇಷ್ಟ್ರಾಗಿದ್ದರು. ಗಾಂಜಾ ಮಿದುಳಿನ ಯಾವ ಜಾಗಕ್ಕೆ ಹೋಗಿ ಅಂಟಿಕೊಳ್ಳುತ್ತದೆ, ಅಲ್ಲಿ ಏನು ಮಾಡುತ್ತದೆ ಎಂದು ತಿಳಿಯಲು ಅವರ ತಂಡ ನೂರಾರು ಹೊಸ ಅಣುಗಳನ್ನು ತಯಾರಿಸಿತು. ಪ್ರತಿಯೊಂದಕ್ಕೂ ಅವರ ಹೆಸರಿನ ಮೊದಲಕ್ಷರಗಳು, ಪಕ್ಕದಲ್ಲೊಂದು ನಂಬರು. ಫಲಿತಾಂಶಗಳನ್ನು ವಿಜ್ಞಾನ ಪತ್ರಿಕೆಗಳಲ್ಲಿ ಪ್ರಕಟಿಸಿದರು. ಅದರಲ್ಲಿ ತಪ್ಪೇನೂ ಇಲ್ಲ, ವಿಜ್ಞಾನ ನಡೆಯುವುದೇ ಹಾಗೆ.

2008ರ ಕೊನೆಗೆ ಜರ್ಮನಿಯ ಪ್ರಯೋಗಾಲಯವೊಂದು ‘ಸ್ಪೈಸ್’ ಎಂಬ ಪೊಟ್ಟಣವನ್ನು ಪರೀಕ್ಷಿಸಿತು. ಒಳಗೆ ಸಿಕ್ಕಿದ್ದು ಹಫ್‌ಮನ್ ಅವರ ಅಣು, ಜೆಡಬ್ಲ್ಯುಎಚ್-018. ಇಂಥ ಪೊಟ್ಟಣಗಳು ಧೂಪದ ಹೆಸರಿನಲ್ಲಿ ಅಂಗಡಿಯಲ್ಲಿ ರಾಜಾರೋಷವಾಗಿ ಮಾರಾಟವಾಗುತ್ತಿದ್ದವು. ಮೇಲೆ ‘ಮನುಷ್ಯರ ಸೇವನೆಗೆ ಅಲ್ಲ’ ಎಂದು ಬರೆದಿರುತ್ತಿತ್ತು. ಆ ಸಾಲು ಗಿರಾಕಿಗಾಗಿ ಅಲ್ಲ, ಪೊಲೀಸರಿಗಾಗಿ!

‘ಗಾಂಜಾದಂಥದ್ದೇ, ಆದರೆ ಕಾನೂನಿನ ಕಾಟ ಇಲ್ಲ’ ಎಂದು ಜನ ನಂಬಿದರು. ನಂಬಿ ಕೆಟ್ಟರು. ಮಿದುಳಿನ ಜೀವಕೋಶಗಳ ಮೇಲೆ ಸಿಬಿ1 ಎಂಬ ಗ್ರಾಹಕಗಳಿವೆ, ಗಾಂಜಾ ಹೋಗಿ ಅಂಟಿಕೊಳ್ಳುವ ಜಾಗಗಳು ಇವೇ. ಅವನ್ನು ಫ್ಯಾನಿನ ರೆಗ್ಯುಲೇಟರ್ ಅಂದುಕೊಳ್ಳಿ. ಗಾಂಜಾದಲ್ಲಿ ಅಮಲು ತರುವ ಟಿಎಚ್‌ಸಿ ಎಷ್ಟೇ ತಿರುಗಿಸಿದರೂ ಅದು ಎರಡು, ಮೂರಕ್ಕೇ ನಿಲ್ಲುತ್ತದೆ. ಜೆಡಬ್ಲ್ಯುಎಚ್-018 ಮತ್ತು ಅದರ ಬಳಗ ಸೀದಾ ಐದಕ್ಕೆ ಒಯ್ಯುತ್ತವೆ. ಹಾಗಾಗಿಯೇ ಇವುಗಳನ್ನು ಸೇದಿದವರಿಗೆ ಫಿಟ್ಸ್ ಬಂದಿದೆ, ಬುದ್ಧಿ ಭ್ರಮಣೆ ಆಗಿದೆ, ಕಿಡ್ನಿ ಕೈಕೊಟ್ಟಿದೆ, ಕೆಲವರ ಪ್ರಾಣವೂ ಹೋಗಿದೆ.

ಇದರ ತಯಾರಿಯೂ ಅಷ್ಟೇ ಅಡ್ಡಾದಿಡ್ಡಿ. ಯಾವುದೋ ಒಣಸೊಪ್ಪಿಗೆ ರಾಸಾಯನಿಕವನ್ನು ಸಿಂಪಡಿಸುತ್ತಾರೆ. ಅದು ಎಲ್ಲ ಕಡೆ ಒಂದೇ ಸಮ ಬೀಳುವುದಿಲ್ಲ. ಒಂದೇ ಪೊಟ್ಟಣದ ಒಂದು ಚಿಟಿಕೆಯಲ್ಲಿ ಏನೂ ಇರದೆ, ಇನ್ನೊಂದು ಚಿಟಿಕೆಯಲ್ಲಿ ಜಾಸ್ತಿ ಇರಬಹುದು. ನಿನ್ನೆ ಸೇದಿ ಏನೂ ಆಗದವನಿಗೆ ಇವತ್ತೂ ಏನೂ ಆಗುವುದಿಲ್ಲ ಎನ್ನುವ ಹಾಗಿಲ್ಲ.

ಜರ್ಮನಿ 2009ರ ಜನವರಿಯಲ್ಲೇ ಜೆಡಬ್ಲ್ಯುಎಚ್-018 ಅನ್ನು ನಿಷೇಧಿಸಿತು. ಕೆಲವೇ ವಾರಗಳಲ್ಲಿ ಪೊಟ್ಟಣಕ್ಕೆ ಜೆಡಬ್ಲ್ಯುಎಚ್-073 ಬಂತು. ಅಣುವಿನ ಬಾಲದಲ್ಲಿ ಒಂದೇ ಒಂದು ಇಂಗಾಲ ಕಡಿಮೆ. ಕಾನೂನಿನ ಕಣ್ಣಿಗೆ ಅದು ಬೇರೆಯೇ ವಸ್ತು. 2011ರಲ್ಲಿ ಅಮೆರಿಕ ಇಂಥ ಐದು ಅಣುಗಳನ್ನು ನಿಷೇಧಿಸಿತು, ಮಾರುಕಟ್ಟೆಗೆ ಬೇರೆಯವು ಬಂದವು. ನನ್ನ ತಕರಾರು ಇಲ್ಲೇ ಇರುವುದು. ಒಂದೊಂದೇ ಅಣುವನ್ನು ನಿಷೇಧಿಸುತ್ತಾ ಹೋದಾಗ ಹಳೆಯದರ ಜಾಗಕ್ಕೆ ಬರುವುದು ಇನ್ನೂ ಅಪರಿಚಿತವಾದದ್ದು, ಎಷ್ಟೋ ಸಲ ಇನ್ನೂ ತೀಕ್ಷ್ಣವಾದದ್ದು. 2016ರ ಜುಲೈ 12ರಂದು ನ್ಯೂಯಾರ್ಕ್‌ನ ಬ್ರೂಕ್ಲಿನ್‌ನಲ್ಲಿ 33 ಜನ ಕಣ್ಣು ಬಿಟ್ಟುಕೊಂಡೇ, ಎಚ್ಚರವಿಲ್ಲದವರಂತೆ ಮೆಲ್ಲಗೆ ನರಳುತ್ತಿದ್ದರು. ಪತ್ರಿಕೆಗಳು ‘ಜೋಂಬಿ’ ಎಂದು ಬರೆದವು. ಅದಕ್ಕೆ ಕಾರಣ ಇದೇ ಬಳಗದ ಎಎಂಬಿ-ಫುಬಿನಾಕಾ ಎಂಬ ಅಣು, ಟಿಎಚ್‌ಸಿಗಿಂತ ಸುಮಾರು 85 ಪಟ್ಟು ತೀಕ್ಷ್ಣ.

ಹಾಗಾದರೆ ಇಡೀ ಬಳಗವನ್ನೇ ಒಂದೇ ಏಟಿಗೆ ನಿಷೇಧಿಸಿದರೆ? 2021ರ ಜುಲೈನಲ್ಲಿ ಚೀನಾ ಅದನ್ನೇ ಮಾಡಿತು. ಆಮೇಲೆ ಆ ವ್ಯಾಖ್ಯೆಯ ಆಚೆ ನಿಲ್ಲುವ ಹೊಸ ರಚನೆಯ ಅಣುಗಳು ಕಾಣಿಸಿಕೊಂಡವು. ನ್ಯೂಜಿಲೆಂಡ್‌ನದು ಬೇರೆ ದಾರಿ. ಅಪಾಯ ಕಡಿಮೆ ಎಂದು ತಯಾರಕರೇ ಸಾಬೀತು ಮಾಡಲಿ, ಆಗ ಮಾರಲಿ ಎಂದು 2013ರಲ್ಲಿ ಕಾನೂನು ತಂದರು. ಮರುವರ್ಷ ಪ್ರಾಣಿಗಳ ಮೇಲಿನ ಪ್ರಯೋಗದ ಪುರಾವೆಯನ್ನು ಒಪ್ಪುವುದಿಲ್ಲ ಎಂದರು. ಅಲ್ಲಿಗೆ ಅನುಮತಿ ಸಿಗುವ ದಾರಿಯೇ ಮುಚ್ಚಿತು. ಸರಕು ಅಂಗಡಿಯಿಂದ ಬೀದಿಗೆ ಹೋಯಿತು. ಮುಂದೆ ಇದೇ ಫುಬಿನಾಕಾ ಅಲ್ಲಿ ಹಲವರ ಜೀವ ತೆಗೆಯಿತು.

ಮಾದಕ ವಸ್ತುಗಳ ಬಗೆಗಿನ ನಮ್ಮ 1985ರ ಎನ್‌ಡಿಪಿಎಸ್ ಕಾಯ್ದೆಯಲ್ಲೂ ಹೆಸರುಗಳ ಪಟ್ಟಿ ಇದೆ. ಕೇಂದ್ರ ಸರ್ಕಾರ ಗೆಜೆಟ್‌ನಲ್ಲಿ ಸೇರಿಸಿದರಷ್ಟೇ ಹೊಸ ವಸ್ತು ಅದರೊಳಗೆ ಬರುತ್ತದೆ. ಮುಂಬೈನಲ್ಲಿ ‘ಮ್ಯಾವ್ ಮ್ಯಾವ್’, ‘ಎಂಡಿ’ ಎಂದು ಹುಡುಗರು ಕರೆಯುತ್ತಿದ್ದ ಮೆಫೆಡ್ರೋನ್ (ಇದು ಸ್ಪೈಸ್ ಬಳಗದ್ದಲ್ಲ, ಉತ್ತೇಜಕ ಮಾದಕ) ಈ ಪಟ್ಟಿಗೆ ಬಂದದ್ದು 2015ರ ಫೆಬ್ರವರಿಯಲ್ಲಿ. ಬ್ರಿಟನ್ ಅದನ್ನು 2010ರಲ್ಲೇ ನಿಷೇಧಿಸಿತ್ತು. ಈ ನಡುವೆ ಮಾಲು ಕೈಗೆ ಸಿಕ್ಕರೂ ನಮ್ಮ ಪೊಲೀಸರು ಈ ಕಾಯ್ದೆಯಡಿ ಕೇಸು ಹಾಕುವಂತಿರಲಿಲ್ಲ. ಈಗ 50 ಗ್ರಾಂ ದಾಟಿದರೆ ಕನಿಷ್ಠ 10 ವರ್ಷ ಜೈಲು.

ಇದೇ ಕಾಯ್ದೆಯಲ್ಲಿ 64ಎ ಎಂಬ ಕಲಮು ಇದೆ. ಅದನ್ನು ಬಲ್ಲವರು ಕಡಿಮೆ. ಸ್ವಂತ ಸೇವನೆ ಅಥವಾ ಸಣ್ಣ ಪ್ರಮಾಣದ ಪ್ರಕರಣದಲ್ಲಿ ಸಿಕ್ಕಿದ ವ್ಯಸನಿ ತಾನಾಗಿ ಸರ್ಕಾರಿ ಅಥವಾ ಮಾನ್ಯತೆ ಪಡೆದ ಕೇಂದ್ರದಲ್ಲಿ ಚಿಕಿತ್ಸೆಗೆ ಸೇರಿದರೆ ಆ ಪ್ರಕರಣದ ವಿಚಾರಣೆಯಿಂದ ರಕ್ಷಣೆ ಸಿಗುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ವಿಭಾಗವಿದೆ. ಆದರೆ ತುರ್ತು ಹೊತ್ತಿನಲ್ಲಿ ವೈದ್ಯರ ಕೈಯಲ್ಲಿ ಹೆಚ್ಚೇನೂ ಇರುವುದಿಲ್ಲ. ಗಾಂಜಾ ಪತ್ತೆಹಚ್ಚುವ ಮೂತ್ರ ಪರೀಕ್ಷೆಗೆ ಸ್ಪೈಸ್ ಬಳಗ ಸಿಗುವುದಿಲ್ಲ, ಅದಕ್ಕೆ ಪ್ರತಿವಿಷವೂ ಇಲ್ಲ. ಫಿಟ್ಸ್ ಬಂದರೆ ಫಿಟ್ಸ್‌ಗೆ, ರಕ್ತದೊತ್ತಡ ಏರಿದರೆ ಅದಕ್ಕೆ ಔಷಧಿ ಕೊಡುತ್ತಾ ಹೋಗಬೇಕು. ಏನು ಸೇದಿದ್ದು ಎಂದು ಜೊತೆಗೆ ಬಂದವರು ಮುಚ್ಚಿಡದೆ ಹೇಳಿದರೆ, ಉಳಿದ ಪೊಟ್ಟಣ ತಂದುಕೊಟ್ಟರೆ, ಅಷ್ಟರಮಟ್ಟಿಗೆ ವೈದ್ಯರ ಕೆಲಸ ಸಲೀಸು.