ಡರ್ಬಿ ಕುದುರೆಗೆ ವಯಸ್ಸೆಷ್ಟು?

ಇಂಗ್ಲೆಂಡಿನ ಎಪ್ಸಮ್‌ನಲ್ಲಿ ನಡೆಯುವ ಡರ್ಬಿ ಎಂಬ ಕುದುರೆ ಓಟದಲ್ಲಿ ಮೂರು ವರ್ಷದ ಥರೋಬ್ರೆಡ್ (ಓಟಕ್ಕೆಂದೇ ಬೆಳೆಸಿದ ತಳಿ) ಕುದುರೆಗಳಿಗೆ ಮಾತ್ರ ಪ್ರವೇಶ. ಷರತ್ತು ಸರಳ. ತಕರಾರೆಲ್ಲ ಆ ಮೂರನ್ನು ಎಣಿಸುವುದರಲ್ಲಿ.

ಹದಿನೆಂಟನೆಯ ಶತಮಾನದಲ್ಲಿ ಬಲಿತ ಕುದುರೆಗಳು ನಾಲ್ಕು ಮೈಲಿಯ ಸುತ್ತುಗಳನ್ನು ಒಂದೇ ದಿನ ಹಲವು ಬಾರಿ ಓಡುತ್ತಿದ್ದವು. ಸಾಕಿದ ಹಣ ಬೇಗ ಕೈಸೇರಲೆಂದು ಎಳೆಯ ಕುದುರೆಗಳ ಚಿಕ್ಕ ಓಟಗಳು ಹುಟ್ಟಿಕೊಂಡವು. 1780ರ ಮೊದಲ ಡರ್ಬಿಯ ದೂರ ಒಂದೇ ಮೈಲಿ, ಗೆದ್ದದ್ದು ಡಯೋಮೆಡ್. 1784ರಲ್ಲಿ ದೂರ ಒಂದೂವರೆ ಮೈಲಿಯಾಯಿತು.

ಗೊಂದಲ ಬಯಲಾದದ್ದು 1844ರಲ್ಲಿ. ಆ ವರ್ಷ ಮೊದಲು ಬಂದ ರನ್ನಿಂಗ್ ರೀನ್ ನಿಜಕ್ಕೂ ಮ್ಯಾಕಬೀಯಸ್ ಎಂಬ ನಾಲ್ಕು ವರ್ಷದ ಕುದುರೆ. ಅದರ ವಯಸ್ಸಿನ ಮೇಲೆ ಹಿಂದಿನ ವರ್ಷವೇ ಆಕ್ಷೇಪ ಬಂದಿತ್ತು, ಆದರೂ ಓಡಲು ಬಿಟ್ಟರು. ಜಾತ್ರೆಯಲ್ಲಿ ಹೋರಿ ಕೊಳ್ಳುವವರು ಮಾಡುವಂತೆ ಬಾಯಿ ತೆರೆಸಿದ್ದರೆ ಸಾಕಿತ್ತು. ಡರ್ಬಿಯ ಹೊತ್ತಿಗೆ ಮೂರರ ಕುದುರೆಗೆ ಮುಂದಿನ ಒಂದು ಜೋಡಿ ಹಾಲುಹಲ್ಲು ಬಿದ್ದು ಹೊಸದು ಬಂದಿರುತ್ತದೆ. ನಾಲ್ಕರದಕ್ಕೆ ಎರಡು ಜೋಡಿ. ಎರಡನೆಯ ಸ್ಥಾನದ ಓರ್ಲಾಂಡೋ ಮಾಲೀಕರೊಂದಿಗೆ ವ್ಯಾಜ್ಯ ನ್ಯಾಯಾಲಯಕ್ಕೆ ಹೋಯಿತು. ಕುದುರೆಯನ್ನೇ ಹಾಜರುಪಡಿಸಿ ಎಂದರು ನ್ಯಾಯಾಧೀಶರು. ಆ ವೇಳೆಗೆ ಕುದುರೆ ನಾಪತ್ತೆ! ಗೆಲುವು ಓರ್ಲಾಂಡೋ ಪಾಲಾಯಿತು. ಅದೇ ಓಟದಲ್ಲಿ ಕಾಲು ಮುರಿದು ಕೊಲ್ಲಬೇಕಾಗಿ ಬಂದ ಲಿಯಾಂಡರ್‌ನ ಹಲ್ಲುಗಳೂ ಮೂರು ವರ್ಷದವಲ್ಲ ಎಂದು ಪಶುವೈದ್ಯರು ಹೇಳಿದರು.

ಮುಂದೆ ವಂಶಾವಳಿ ದಾಖಲೆ ಬಿಗಿಯಾಯಿತು, ರಕ್ತಪರೀಕ್ಷೆ, ಡಿಎನ್ಎ, ಮೈಕ್ರೋಚಿಪ್ ಬಂದವು. ಈಗ ಕುದುರೆ ಬದಲಿಸುವುದು ಅಸಾಧ್ಯವೆನ್ನುವಷ್ಟು ಕಷ್ಟ.

ವಯಸ್ಸಿನಲ್ಲಿ ಮುಂದಿದ್ದು ಮೇಲುಗೈ ಪಡೆಯುವ ಆಸೆ ಮಾತ್ರ ಹೋಗಿಲ್ಲ. ಹುಟ್ಟಿದ ದಿನ ಯಾವುದೇ ಇರಲಿ, ಎಲ್ಲ ಕುದುರೆಗಳಿಗೂ ಮೊದಲು ಮೇ 1ರಿಂದ ಎಣಿಸುತ್ತಿದ್ದ ವಯಸ್ಸನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ಜನವರಿ 1ಕ್ಕೆ ತಂದರು. ಜನವರಿಯಲ್ಲಿ ಹುಟ್ಟಿದ್ದೂ ಮೇನಲ್ಲಿ ಹುಟ್ಟಿದ್ದೂ ಕಾಗದದ ಮೇಲೆ ಒಂದೇ ಪ್ರಾಯ; ಮೈಯಲ್ಲಿ ನಾಲ್ಕು ತಿಂಗಳ ಅಂತರ. ಮರಿ ಜನವರಿ 1 ಕಳೆದ ಬೆನ್ನಲ್ಲೇ ಹುಟ್ಟಿದರೆ ಲಾಭ; ಗರ್ಭಕಾಲ ಸುಮಾರು ಹನ್ನೊಂದು ತಿಂಗಳಾದ್ದರಿಂದ, ಫೆಬ್ರವರಿಯಲ್ಲೇ ಬೆದೆಗೆ ಬರಲೆಂದು ಹೆಣ್ಣು ಕುದುರೆಗಳ ಲಾಯದಲ್ಲಿ ಚಳಿಗಾಲದ ರಾತ್ರಿಗಳಲ್ಲಿ ದೀಪ ಉರಿಸುತ್ತಾರೆ. ಹಗಲು ಉದ್ದವಾಯಿತೆಂದು ಅವು ನಂಬುತ್ತವೆ. ಇದಕ್ಕೆ ಯಾವ ನಿಯಮದ ಅಡ್ಡಿಯೂ ಇಲ್ಲ.

1943ರಲ್ಲಿ ಶುರುವಾದ ಮುಂಬೈ ಮಹಾಲಕ್ಷ್ಮಿಯ ಇಂಡಿಯನ್ ಡರ್ಬಿ ನಾಲ್ಕು ವರ್ಷದವುಗಳಿಗೆ. ಓಟ ಸಾಮಾನ್ಯವಾಗಿ ಫೆಬ್ರವರಿಯ ಆಸುಪಾಸಿನಲ್ಲಿ. ವಯಸ್ಸಿನ ಎಣಿಕೆ ಇಲ್ಲೂ ಜನವರಿ 1ರಿಂದಲೇ.