ಮೂರನೇ ಗೇಮಿನ ಕೈಗೆ ಒಪ್ಪುವ ರ‍್ಯಾಕೆಟ್

ಬ್ಯಾಡ್ಮಿಂಟನ್‌ನಲ್ಲಿ ಸ್ಮ್ಯಾಷ್ ಜೋರಾಗಬೇಕಾದರೆ ತಲೆ ಭಾರದ, ಅಂದರೆ ತೂಕ ಹಿಡಿಗಿಂತ ತಲೆಯ ಕಡೆ ಹೆಚ್ಚಿರುವ ರ‍್ಯಾಕೆಟ್ ಬೇಕು. ನನ್ನ ಬಳಿ ಗಟ್ಟಿಂಗ್ ಮಾಡಿಸಲು, ಅಂದರೆ ತಲೆಯ ಬಲೆಗೆ ಗಟ್ಟು ಎಂಬ ಎಳೆ ಕಟ್ಟಿಸಲು, ಬರುವವರಲ್ಲಿ ಬಹುಪಾಲು ಜನ ಹೀಗೆಂದು ತೀರ್ಮಾನಿಸಿಕೊಂಡೇ ಬಂದಿರುತ್ತಾರೆ. ಅವರಿಗೆ ನಾನು ಒಂದು ಸಂಗತಿ ಹೇಳುತ್ತೇನೆ. 2023ರಲ್ಲಿ ಭಾರತದ ಡಬಲ್ಸ್ ಆಟಗಾರ ಸಾತ್ವಿಕ್‌ಸಾಯಿರಾಜ್ ರಂಕಿರೆಡ್ಡಿ ಗಂಟೆಗೆ 565 ಕಿ.ಮೀ. ವೇಗದ ಸ್ಮ್ಯಾಷ್ ಹೊಡೆದು ಗಿನ್ನೆಸ್ ದಾಖಲೆ ಮಾಡಿದರು. ಪಂದ್ಯದಲ್ಲಲ್ಲ, ವೇಗ ಅಳೆಯಲೆಂದೇ ನಡೆಸಿದ ಪ್ರಯೋಗದಲ್ಲಿ. ಆಗ ಅವರ ಕೈಯಲ್ಲಿದ್ದದ್ದು ಯೋನೆಕ್ಸ್‌ನ ನ್ಯಾನೊಫ್ಲೇರ್ 1000 ಝಡ್. ಅದು ತಲೆ ಹಗುರದ ರ‍್ಯಾಕೆಟ್.

ಇಷ್ಟು ಹೇಳಿದೊಡನೆ ಕೆಲವರು ಅದೇ ರ‍್ಯಾಕೆಟ್ಟನ್ನು ಹುಡುಕಿಕೊಂಡು ಹೊರಡುತ್ತಾರೆ. ಅದು ಇನ್ನೊಂದು ತಪ್ಪು. ಅದರ ಶಾಫ್ಟ್, ಅಂದರೆ ಹಿಡಿಗೂ ತಲೆಗೂ ನಡುವಿನ ಸಣ್ಣ ಕೋಲು, ವಿಪರೀತ ಗಡಸು. ಸಾತ್ವಿಕ್ ಅವರ ತೋಳಿಗೆ ಅದು ಬಾಗುತ್ತದೆ, ನಮ್ಮ ನಿಮ್ಮ ತೋಳಿಗೆ ಬಾಗುವುದಿಲ್ಲ. ರ‍್ಯಾಕೆಟ್ ಶಕ್ತಿಯನ್ನು ಹುಟ್ಟಿಸುವುದಿಲ್ಲ. ನೀವು ಕೊಟ್ಟದ್ದರಲ್ಲಿ ಎಷ್ಟನ್ನು ಸೋರಿಸದೆ ಶಟಲ್‌ಗೆ ತಲುಪಿಸುತ್ತದೆ ಎಂಬುದರಲ್ಲಿ ಅದರ ಗುಣವಿದೆ. ಹಾಗಾಗಿ ಮೊದಲು ಅಳೆಯಬೇಕಾದದ್ದು ಕೊಡುವವರನ್ನು.

ಅಳೆಯಲು ನನ್ನದೊಂದು ಸರಳ ಪರೀಕ್ಷೆ ಇದೆ. ಅಂಕಣದ ಉದ್ದ 13.40 ಮೀಟರ್. ಹಿಂಬದಿಯಲ್ಲಿ ಎರಡು ಗೆರೆಗಳಿರುತ್ತವೆ: ಕೊನೆಯ ಗೆರೆ ಮತ್ತು ಅದಕ್ಕಿಂತ 76 ಸೆಂ.ಮೀ. ಒಳಗಿರುವ ಡಬಲ್ಸ್ ಸರ್ವಿಸ್ ಗೆರೆ. ನೀವು ನಿಮ್ಮ ಕಡೆಯ ಕೊನೆಯ ಗೆರೆಯ ಬಳಿ ನಿಂತು, ಹಲವರು ಟಾಸ್ ಎಂದು ಕರೆಯುವ ಎತ್ತರದ ಕ್ಲಿಯರ್ ಹೊಡೆತವನ್ನು ಹತ್ತು ಬಾರಿ ಹೊಡೆಯಿರಿ. ಎದುರು ಬದಿಯಲ್ಲಿ ಆ ಎರಡು ಗೆರೆಗಳ ನಡುವೆ ಎಷ್ಟು ಬಿದ್ದವು, ಎಣಿಸಿ. ಆಮೇಲೆ ಒಂದು ಗಂಟೆ ಆಡಿ, ಬೆವರು ಆರುವ ಮೊದಲೇ ಮತ್ತೆ ಹತ್ತು ಹೊಡೆಯಿರಿ. ರ‍್ಯಾಕೆಟ್ ಆರಿಸುವಾಗ ನಾನು ಕೇಳುವುದು ಎರಡನೆಯ ಲೆಕ್ಕವನ್ನು ಮಾತ್ರ. ಮೊದಲ ಹತ್ತು ನಿಮಿಷ ಎಲ್ಲರೂ ಬಲಶಾಲಿಗಳೇ. ಮೂರನೇ ಗೇಮಿನಲ್ಲಿ, ಭುಜ ಸೋತು ಹೊಡೆತ ತಡವಾಗತೊಡಗಿದಾಗ ಕೈಯಲ್ಲಿರುವ ವಸ್ತು ನಿಮಗೆ ಒತ್ತಾಸೆಯಾಗಬೇಕು, ಹೊರೆಯಾಗಬಾರದು. ಎರಡನೆಯ ಸುತ್ತಿನಲ್ಲೂ ಏಳೆಂಟು ಬಿದ್ದರೆ ನಿಮ್ಮ ಸ್ವಿಂಗ್ ಚೆನ್ನಾಗಿಯೇ ಇದೆ. ಮೂರು ನಾಲ್ಕಕ್ಕೆ ಇಳಿದರೆ ಬಳುಕುವ ಶಾಫ್ಟಿನ ರ‍್ಯಾಕೆಟ್ ನೋಡಿ. ಅದರಲ್ಲಿ ನಾಚಿಕೆಯೇನೂ ಇಲ್ಲ.

ಶಾಫ್ಟ್ ಬಳುಕುವುದು ಎಂದರೆ ಇಷ್ಟೇ. ಕೈ ಮುಂದಕ್ಕೆ ನುಗ್ಗುವಾಗ ರ‍್ಯಾಕೆಟ್ಟಿನ ತಲೆ ಕ್ಷಣಮಾತ್ರ ಹಿಂದುಳಿಯುತ್ತದೆ, ಶಾಫ್ಟ್ ಬಿಲ್ಲಿನಂತೆ ಬಾಗುತ್ತದೆ, ಮತ್ತೆ ನೆಟ್ಟಗಾಗುವ ಹೊತ್ತಿಗೆ ಸರಿಯಾಗಿ ಶಟಲ್ ತಾಗಿದರೆ ಆ ಪುಟಿತ ಹೊಡೆತಕ್ಕೆ ಸೇರಿಕೊಳ್ಳುತ್ತದೆ. ನಿಧಾನದ ಸ್ವಿಂಗ್‌ಗೆ ಗಡಸು ಶಾಫ್ಟ್ ಬಾಗುವುದೇ ಇಲ್ಲ. ಪುಟಿತವೂ ಇಲ್ಲ, ಮೇಲಾಗಿ ಹೊಡೆತದ ಅದುರು ನೇರವಾಗಿ ಮೊಣಕೈಗೆ. ವೇಗದ ಕೈಗೆ ಇದರ ತಿರುಗುಮುರುಗು: ತೀರ ಬಳುಕುವ ಶಾಫ್ಟ್ ನೆಟ್ಟಗಾಗುವಷ್ಟರಲ್ಲಿ ಶಟಲ್ ಹೋಗಿಬಿಟ್ಟಿರುತ್ತದೆ. ಒಂದೇ ರೀತಿ ಹೊಡೆದ ಎರಡು ಶಟಲ್‌ಗಳು ಎರಡು ಕಡೆ ಬೀಳತೊಡಗುತ್ತವೆ. ನಿಮಗೆ ಹೀಗಾಗುತ್ತಿದ್ದರೆ ಗಡಸಿನ ಕಡೆಗೆ ಒಂದು ಮೆಟ್ಟಿಲು ಏರುವ ಕಾಲ ಬಂದಿದೆ. ಒಂದೇ ಮೆಟ್ಟಿಲು. ನಾನು ಇಪ್ಪತ್ತೈದರ ವಯಸ್ಸಿನಲ್ಲಿ ಒಂದೇ ಸಲ ಎರಡು ಮೆಟ್ಟಿಲು ಹಾರಿದೆ, ನನಗಿಂತ ಎಷ್ಟೋ ಮೇಲಿನ ಆಟಗಾರನೊಬ್ಬನ ರ‍್ಯಾಕೆಟ್ ನೋಡಿ ಆಸೆಪಟ್ಟು. ಆಮೇಲೆ ನಾಲ್ಕು ತಿಂಗಳು ನೀರಿನ ಬಾಟಲಿಯ ಮುಚ್ಚಳ ತಿರುಗಿಸಲೂ ಎಡಗೈ ಬಳಸಬೇಕಾಯಿತು.

ತೂಕದ ವಿಚಾರದಲ್ಲಿ ಗೊಂದಲ ಹೆಚ್ಚು, ತಿರುಳು ಕಡಿಮೆ. ಹಿಡಿಯ ಮೇಲ್ತುದಿಯಲ್ಲಿ 4ಯು ಜಿ5 ಎಂಬಂಥ ಗುರುತು ಇರುತ್ತದೆ. ಯೋನೆಕ್ಸ್ ಲೆಕ್ಕದಲ್ಲಿ 3ಯು ಎಂದರೆ 85ರಿಂದ 89 ಗ್ರಾಂ, 4ಯು 80ರಿಂದ 84, 5ಯು 75ರಿಂದ 79. ಯು ಪಕ್ಕದ ಅಂಕೆ ದೊಡ್ಡದಾದಷ್ಟೂ ತೂಕ ಕಡಿಮೆ. ಜಿ ಪಕ್ಕದ ಅಂಕೆ ದೊಡ್ಡದಾದಷ್ಟೂ ಹಿಡಿ ಸಣ್ಣದು. ಹೆಚ್ಚಿನವರಿಗೆ 4ಯು ಸಾಕು. ನಾಲ್ಕೈದು ಗ್ರಾಂ ವ್ಯತ್ಯಾಸಕ್ಕಿಂತ ಆ ತೂಕ ಎಲ್ಲಿ ಕುಳಿತಿದೆ ಎಂಬುದು ಕೈಗೆ ಬೇಗ ತಿಳಿಯುತ್ತದೆ. ರ‍್ಯಾಕೆಟ್ಟನ್ನು ಒಂದು ಬೆರಳ ಮೇಲೆ ಅಡ್ಡಲಾಗಿಟ್ಟು ಅದು ನಿಲ್ಲುವ ಜಾಗ ಹುಡುಕಿ, ಹಿಡಿಯ ಬುಡದಿಂದ ಅಳೆಯಿರಿ. ಸ್ಥೂಲವಾಗಿ 285ರಿಂದ 295 ಮಿ.ಮೀ. ನಡುವೆ ಬಂದರೆ ಸಮತೂಕ, ಅದಕ್ಕೂ ಮೇಲಾದರೆ ತಲೆ ಭಾರ, ಕೆಳಗಾದರೆ ತಲೆ ಹಗುರ. ಇದನ್ನು ಗಟ್ಟಿಂಗ್ ಆದ ಮೇಲೆ ಅಳೆಯಬೇಕು. ಗಟ್ಟಿನ ತೂಕ ನಾಲ್ಕೈದು ಗ್ರಾಂ ಇರುತ್ತದೆ, ಅಷ್ಟೂ ತಲೆಯಲ್ಲಿ. ಅಂಗಡಿಯಲ್ಲಿ ಖಾಲಿ ಚೌಕಟ್ಟನ್ನು ಗಾಳಿಯಲ್ಲಿ ಬೀಸಿ "ಆಹಾ, ಹಗುರ" ಎಂದು ಕೊಂಡವರು ಅಂಕಣದಲ್ಲಿ ಬೆಚ್ಚುವುದು ಇದೇ ಕಾರಣಕ್ಕೆ.

ತಲೆ ಭಾರದ ರ‍್ಯಾಕೆಟ್ ಹಿಂಬದಿಯಿಂದ ಹೊಡೆಯುವಾಗ ಸುಖ ಕೊಡುತ್ತದೆ, ಸುಳ್ಳಲ್ಲ. ಆದರೆ ಎದುರಾಳಿ ಮೈಮೇಲೆ ಸ್ಮ್ಯಾಷ್ ಹೊಡೆದಾಗ ಅದನ್ನು ತಿರುಗಿಸಿ ತರಲು ತಡವಾಗುತ್ತದೆ. ಡಬಲ್ಸ್‌ನಲ್ಲಿ ಅಷ್ಟೇ ತಡ ಸಾಕು, ಅಂಕ ಹೋಯಿತು. ತಯಾರಕರಿಗೂ ಇದು ಗೊತ್ತು. ಯೋನೆಕ್ಸ್‌ನ ಆಸ್ಟ್ರಾಕ್ಸ್ 88ರಲ್ಲಿ ನೆಟ್ ಬಳಿ ಆಡುವವರಿಗೆ ಎಸ್, ಹಿಂದಿನಿಂದ ಹೊಡೆಯುವವರಿಗೆ ಡಿ ಎಂದು ಎರಡು ಬಗೆ ಮಾಡಿದ್ದಾರೆ. ಹವ್ಯಾಸಿಗಳ ಡಬಲ್ಸ್‌ನಲ್ಲಿ ಯಾರು ಎಲ್ಲಿ ನಿಲ್ಲುತ್ತಾರೆ ಎಂಬುದು ಆಡುವವರಿಗೇ ಗೊತ್ತಿರುವುದಿಲ್ಲವಾದ್ದರಿಂದ ಸಮತೂಕದ್ದನ್ನೇ ಕೊಳ್ಳಿ ಎನ್ನುತ್ತೇನೆ. ಪ್ರಯತ್ನಿಸಿ ನೋಡಲು ಗೆಳೆಯನ ರ‍್ಯಾಕೆಟ್ ಸಿಕ್ಕರೆ ಸ್ಮ್ಯಾಷ್ ಹೊಡೆಯುತ್ತಾ ಕೂರಬೇಡಿ. ಆತನಿಂದ ನಿಮ್ಮ ಮೈಮೇಲೆ ಇಪ್ಪತ್ತು ಸ್ಮ್ಯಾಷ್ ಹೊಡೆಸಿಕೊಂಡು ತಡೆಯಿರಿ. ಬ್ಯಾಕ್‌ಹ್ಯಾಂಡಿನಲ್ಲಿ ಐದಾರು ಕ್ಲಿಯರ್ ಹೊಡೆಯಿರಿ. ನಿಮ್ಮ ದುರ್ಬಲ ಹೊಡೆತ ಯಾವ ರ‍್ಯಾಕೆಟ್ಟಿನಲ್ಲಿ ಚೆನ್ನಾಗಿ ಬರುತ್ತದೋ ಅದು ನಿಮ್ಮದು.

ಇನ್ನು ಗಟ್ಟಿಂಗ್. ನನ್ನ ಮಟ್ಟಿಗೆ ಅರ್ಧ ರ‍್ಯಾಕೆಟ್ ಅದೇ. ಶಟಲ್‌ಗೆ ತಾಗುವುದು ಚೌಕಟ್ಟಲ್ಲ, ಗಟ್ಟು. ಹೆಚ್ಚು ಬಿಗಿಯಾದರೆ ಹೆಚ್ಚು ಜೋರು ಎಂಬ ನಂಬಿಕೆ ಎಲ್ಲಿಂದ ಬಂತೋ, ಅದು ತಲೆಕೆಳಗು. ಗಟ್ಟು ಸಡಿಲವಿದ್ದಾಗ ಶಟಲ್ ಒಳಕ್ಕೆ ತಗ್ಗಿ ಪುಟಿದು ದೂರ ಹಾರುತ್ತದೆ. ಬಿಗಿಯಾದಂತೆ ಪುಟಿತ ಕಡಿಮೆಯಾಗಿ ನಿಖರತೆ ಹೆಚ್ಚುತ್ತದೆ. ಕಡಿಮೆಯಾದ ಪುಟಿತವನ್ನು ತುಂಬಬೇಕಾದದ್ದು ನಿಮ್ಮ ತೋಳು. ಅಷ್ಟೇ ಅಲ್ಲ, ಹೊಡೆತ ಸಿಹಿಯಾಗಿ ಕೂರುವ ನಡುಭಾಗವೂ ಕಿರಿದಾಗುತ್ತದೆ. ಶಟಲ್‌ನ ತೂಕ 4.74ರಿಂದ 5.50 ಗ್ರಾಂ. ಇಷ್ಟು ಹಗುರದ ವಸ್ತುವನ್ನು ನಡುಭಾಗಕ್ಕೇ ತಾಗಿಸುವ ಅಭ್ಯಾಸ ಆಗುವ ತನಕ ಬಿಗಿ ಗಟ್ಟು ಶಿಕ್ಷೆಯೇ. ಗಟ್ಟಿನ ಬಿಗಿಯನ್ನು ಪೌಂಡ್‌ನಲ್ಲಿ ಅಳೆಯುತ್ತಾರೆ. ಹೊಸಬರಿಗೆ 20ರಿಂದ 22 ಪೌಂಡ್ ಹಾಕುತ್ತೇನೆ. ಆ ಎರಡನೆಯ ಸುತ್ತಿನ ಪರೀಕ್ಷೆಯಲ್ಲಿ ಗೆದ್ದವರಿಗೆ 24, 25. ಮೂವತ್ತರ ಆಸುಪಾಸಿನಲ್ಲಿ ಕಟ್ಟಿಸುವವರು ದಿನವಿಡೀ ಆಡುವ ವೃತ್ತಿಪರರು, ಅವರಿಗೆ ಗಟ್ಟು ಹರಿದರೆ ಪಕ್ಕದಲ್ಲಿ ಇನ್ನೊಂದು ರ‍್ಯಾಕೆಟ್ ಕಾದಿರುತ್ತದೆ. ಎಷ್ಟು ಪೌಂಡ್‌ವರೆಗೆ ತಾಳುತ್ತದೆ ಎಂಬುದು ರ‍್ಯಾಕೆಟ್ ಮೇಲೆಯೇ ಅಚ್ಚಾಗಿರುತ್ತದೆ, ಓದಿ ಕೊಳ್ಳಿ.

ಗಟ್ಟಿನ ದಪ್ಪವೂ ಲೆಕ್ಕಕ್ಕೆ ಬರುತ್ತದೆ. 0.70 ಮಿ.ಮೀ.ನದು ಬಾಳಿಕೆಗೆ, 0.65ರದು ಚುರುಕಿಗೆ. ಚೌಕಟ್ಟಿನ ಅಂಚಿಗೆ ಆಗಾಗ ಶಟಲ್ ತಾಗಿಸುವವರು ಸಣ್ಣ ಎಳೆಯ ಸಹವಾಸಕ್ಕೆ ಹೋಗಬಾರದು. ವಾರಕ್ಕೊಮ್ಮೆ ನನ್ನ ಮುಖ ನೋಡಬೇಕಾಗುತ್ತದೆ.

ಹಿಡಿಯನ್ನು ಸಣ್ಣದೇ ಕೊಳ್ಳಿ. ಗ್ರಿಪ್ ಸುತ್ತಿ ದಪ್ಪ ಮಾಡಬಹುದು, ಕೆತ್ತಿ ಸಣ್ಣದು ಮಾಡಲಾಗದು. ಹಳೆಯ ಗ್ರಿಪ್ ಮೇಲೆ ಮೂರು ನಾಲ್ಕು ಪದರ ಸುತ್ತುತ್ತಾ ಹೋಗುವವರು ತಲೆ ಭಾರದ ರ‍್ಯಾಕೆಟ್ಟನ್ನು ತಮಗೆ ತಿಳಿಯದೆಯೇ ಸಮತೂಕದ್ದಾಗಿ ಮಾಡಿಕೊಂಡಿರುತ್ತಾರೆ, ಏಕೆಂದರೆ ಆ ತೂಕವೆಲ್ಲ ಬುಡಕ್ಕೆ ಸೇರುತ್ತದೆ. ಎಷ್ಟೋ ಸಲ ಅದರಿಂದ ಅವರ ಆಟ ಸುಧಾರಿಸಿದ್ದನ್ನೂ ಕಂಡಿದ್ದೇನೆ.

ಹೋದ ವರ್ಷ ಒಬ್ಬ ಹುಡುಗ ಬಂದಿದ್ದ. ಹೊಸ ರ‍್ಯಾಕೆಟ್, ತಲೆ ಭಾರ, ಶಾಫ್ಟ್ ಗಡಸು, ಗಟ್ಟು 28 ಪೌಂಡ್. ಆಡತೊಡಗಿ ಎಂಟು ತಿಂಗಳು. ಮೊಣಕೈಗೆ ಪಟ್ಟಿ ಬೇರೆ. "ಇದನ್ನು ಮಾರಿ ಬೇರೆ ಕೊಳ್ಳಲೇ ಸರ್?" ಎಂದ. ಕೊಂಡದ್ದು ಕೊಂಡಾಗಿದೆ, ಮೊದಲು ವೈದ್ಯರಿಗೆ ಕೈ ತೋರಿಸಿ ಬಾ ಎಂದೆ. ಆರು ವಾರ ಬಿಟ್ಟು ಬಂದಾಗ ಗಟ್ಟು ಬಿಚ್ಚಿ 21 ಪೌಂಡ್‌ಗೆ ಕಟ್ಟಿ, ಬುಡದಲ್ಲಿ ಒಂದು ಪದರ ಗ್ರಿಪ್ ಹೆಚ್ಚಿಗೆ ಸುತ್ತಿಕೊಟ್ಟೆ. ಶಾಫ್ಟಿನ ಗಡಸನ್ನು ಮಾತ್ರ ನಾನೇನೂ ಮಾಡುವಂತಿರಲಿಲ್ಲ. ಅವನ ಕ್ಲಿಯರ್ ಮೊದಲ ಸಲ ಹಿಂದಿನ ಗೆರೆ ಮುಟ್ಟಿತು. ಮೊನ್ನೆ ಮತ್ತೆ ಬಂದಿದ್ದ, ಕೈಯಲ್ಲಿ ಪಟ್ಟಿ ಇರಲಿಲ್ಲ. "25ಕ್ಕೆ ಏರಿಸಿ ಸರ್" ಎಂದ. ಎರಡನೆಯ ಸುತ್ತಿನಲ್ಲಿ ಹತ್ತಕ್ಕೆ ಎಷ್ಟು ಎಂದು ಕೇಳಿದೆ. ಐದು ಎಂದ. 22ಕ್ಕೆ ಕಟ್ಟಿಕೊಟ್ಟೆ.