ಕರೆಂಟಿನ ಕೆರೆಗಳಲ್ಲಿ ಜೆಟ್ಟಿ: ನೋಡಬೇಕಾದವರು ಯಾರು?

ಊರಿನಿಂದ ನೆಂಟರು ಬಂದರೆ ಪುಣೆಯ ಕನ್ನಡದ ಮನೆಗಳಲ್ಲಿ ಭಾನುವಾರದ ಓಡಾಟ ಹೆಚ್ಚುಕಡಿಮೆ ಒಂದೇ ಥರ. ಬುತ್ತಿ ಕಟ್ಟಿಕೊಂಡು ಚಾಂದನಿ ಚೌಕ ದಾಟಿ, ಪೌಡ್ ಮೇಲೆ ಹಾದು ಮುಳಶಿ ಜಲಾಶಯಕ್ಕೆ ಹೋಗುವುದು. ಮನಸ್ಸಿದ್ದರೆ ತಾಮ್ಹಿಣಿ ಘಾಟಿನವರೆಗೂ ಹೋಗುವುದು. ಕಳೆದ ದೀಪಾವಳಿಗೆ ಬಂದಿದ್ದ ನಮ್ಮ ಧಾರವಾಡದ ಸೋದರಮಾವ ಆ ದಂಡೆಯಲ್ಲಿ ನಿಂತು ಕೇಳಿದರು, "ಅಲ್ಲೋ, ಇಷ್ಟ್ ನೀರೈತಿ, ಒಂದ್ ಬೋಟ್ ನಿಲ್ಲೂ ಕಟ್ಟಿ ಯಾಕ್ ಮಾಡಿಲ್ಲೋ ಇಲ್ಲೆ?"

ಸಣ್ಣ ಪ್ರಶ್ನೆ. ಉತ್ತರ ಮಾತ್ರ ಸಣ್ಣದಲ್ಲ. ಪುಣೆ, ಸಾತಾರಾ ಭಾಗದ ಜಲಾಶಯಗಳ ದಂಡೆಯಲ್ಲಿ ಬೋಟ್ ಕ್ಲಬ್, ತೇಲುವ ಜೆಟ್ಟಿ (ದೋಣಿ ನಿಲ್ಲಿಸಿ ಜನ ಹತ್ತಿಳಿಯುವ ಕಟ್ಟೆ), ಜಲಪ್ರವಾಸೋದ್ಯಮ ಎಂಬ ಮಾತು ಮತ್ತೆ ಮತ್ತೆ ಏಳುತ್ತದೆ. ಒಬ್ಬರು ಪರಿಸರ ಅನುಮತಿ ಬೇಕು ಅನ್ನುತ್ತಾರೆ. ಇನ್ನೊಬ್ಬರು ಅದು ಬೇಕಾಗಿಯೇ ಇಲ್ಲ ಅನ್ನುತ್ತಾರೆ. ಕಾನೂನಿನ ಪುಸ್ತಕ ತೆರೆದರೆ ಇಬ್ಬರ ಮಾತಿಗೂ ಆಧಾರ ಸಿಗುತ್ತದೆ. ಈ ಗಂಟು ಬಿದ್ದದ್ದು ಹೇಗೆ ಅಂತ ತಿಳಿಯಲು ನೂರು ವರ್ಷ ಹಿಂದಕ್ಕೆ ಹೋಗಬೇಕು.

ಈ ಕೆರೆಗಳು ಹುಟ್ಟಿದ್ದು ಮುಂಬೈಗೆ ಕರೆಂಟ್ ಕೊಡಲಿಕ್ಕೆ. ಖೋಪೋಲಿಯ ವಿದ್ಯುತ್ ಕೇಂದ್ರ 1915ರಲ್ಲಿ ಶುರುವಾಯಿತು. 1922ರಲ್ಲಿ ಭಿವಪುರಿ, 1927ರಲ್ಲಿ ಭಿರಾ. ಮೂರೂ ಟಾಟಾ ಕಂಪನಿಗಳ ಯೋಜನೆಗಳು. ಸಹ್ಯಾದ್ರಿಯ ಮೇಲೆ ಮಳೆನೀರು ಹಿಡಿದಿಟ್ಟು, ಘಟ್ಟದ ಅಂಚಿನಿಂದ ಕೊಳವೆಯಲ್ಲಿ ಕೊಂಕಣಕ್ಕೆ ಇಳಿಸಿ ಕರೆಂಟ್ ತೆಗೆಯುವ ಲೆಕ್ಕಾಚಾರ. ಪೂರ್ವಕ್ಕೆ ಹರಿದು ಭೀಮೆಗೆ ಸೇರಬೇಕಿದ್ದ ನೀರು ಹೀಗೆ ಪಶ್ಚಿಮಕ್ಕೆ ತಿರುಗಿತು. ನಮ್ಮ ಕಲಬುರಗಿ, ವಿಜಯಪುರದ ಕಡೆಯವರಿಗೆ ಇದು ದೂರದ ಸಂಗತಿಯಲ್ಲ. ಮುಳಶಿಯ ಮುಳಾ ನದಿ ಪುಣೆಯಲ್ಲಿ ಮುಠಾವನ್ನು ಕೂಡಿ ಭೀಮೆಗೆ ಸೇರುತ್ತದೆ. ಆ ಭೀಮೆಯೇ ಮುಂದೆ ಇಂಡಿ, ಅಫಜಲಪುರದ ಕಡೆ ಬರುವುದು. ಕೃಷ್ಣಾ ನ್ಯಾಯಮಂಡಳಿ 1970ರ ದಶಕದಲ್ಲಿ ಈ ಪಶ್ಚಿಮದ ತಿರುವಿಗೆ ಮಿತಿ ಹಾಕಿತು. ಟಾಟಾ ಯೋಜನೆಗಳಿಗೆ ಯಾವುದೇ ಒಂದು ವರ್ಷದಲ್ಲಿ 54.5 ಟಿಎಂಸಿ, ಸಾತಾರಾ ಜಿಲ್ಲೆಯ ಕೊಯ್ನಾ ವಿದ್ಯುತ್ ಯೋಜನೆಗೆ 67.5 ಟಿಎಂಸಿ. ಅಂದರೆ ಎಷ್ಟು ನೀರು ಎತ್ತ ಹೋಗಬೇಕು ಅನ್ನುವುದನ್ನು ನಮ್ಮಲ್ಲಿ ಬಹಳ ಜೋಪಾನವಾಗಿ ಅಳೆದಿದ್ದಾರೆ. ಅದೇ ನೀರಿನ ದಂಡೆಯಲ್ಲಿ ಏನು ನಡೆಯಬೇಕು ಅನ್ನುವುದಕ್ಕೆ ಅಂಥ ಅಳತೆ ಯಾರೂ ಇಟ್ಟಿಲ್ಲ.

ಟಾಟಾದವರ ಮುಳಶಿ ಅಣೆಕಟ್ಟೆಯ ಕಥೆ ಗೊತ್ತಿಲ್ಲದವರಿಗೆ ಎರಡು ಮಾತು. 1921ರ ಏಪ್ರಿಲ್ 16ರಂದು, ರಾಮನವಮಿಯ ದಿನ, ಮಾವಳ ಪ್ರದೇಶದ ರೈತರು ಕೆಲಸ ನಡೆಯುತ್ತಿದ್ದ ಜಾಗದಲ್ಲಿ ಸತ್ಯಾಗ್ರಹ ಹೂಡಿದರು. 'ಜಾನ್ ಕಿಂವಾ ಜಮೀನ್', ಜೀವ ಅಥವಾ ಜಮೀನು, ಅನ್ನುವುದು ಅವರ ಘೋಷಣೆ. ಪಾಂಡುರಂಗ ಮಹಾದೇವ ಬಾಪಟ್ ಅವರಿಗೆ ಸೇನಾಪತಿ ಎಂಬ ಹೆಸರು ಬಂದದ್ದು ಇಲ್ಲೇ. ಅವರು ಮತ್ತೆ ಮತ್ತೆ ಜೈಲಿಗೆ ಹೋದರು. 1924ರ ಹೊತ್ತಿಗೆ ಹೋರಾಟ ಮುಗಿಯಿತು, ಅಣೆಕಟ್ಟೆ ಎದ್ದಿತು. ಐವತ್ತರಷ್ಟು ಹಳ್ಳಿಗಳ ಜನ ನೆಲ ಕಳೆದುಕೊಂಡರು. ಪರಿಹಾರ ಸಿಕ್ಕಿದ್ದು ಹೆಚ್ಚಾಗಿ ಜಮೀನು ಯಾರ ಹೆಸರಿನಲ್ಲಿತ್ತೋ ಅವರಿಗೆ. ಉಳುತ್ತಿದ್ದವರಿಗೆ ಅಷ್ಟು ಸಿಗಲಿಲ್ಲ. ದಂಡೆಯ ಮೇಲೆ ಇವತ್ತು ಯಾವ ಹೊಸ ಕಾಮಗಾರಿಯ ಮಾತು ಬಂದರೂ ಆ ನೆನಪು ಅದರ ಜೊತೆಗೇ ಬರುತ್ತದೆ.

ಕೊಯ್ನಾ ಇನ್ನೂ ದೊಡ್ಡದು. 103 ಮೀಟರ್ ಎತ್ತರದ ಅಣೆಕಟ್ಟೆ, 105 ಟಿಎಂಸಿ ನೀರು. ಅದರ ಹಿನ್ನೀರಿಗೆ ಶಿವಸಾಗರ ಅಂತ ಹೆಸರು. 1960ರ ದಶಕದಲ್ಲಿ ನೀರು ತುಂಬಿದಾಗ ಬಹಳ ಜನರನ್ನು ಠಾಣೆ, ರಾಯಗಡ, ಸೋಲಾಪುರ, ಸಾಂಗಲಿಯ ಕಡೆ ಕಳಿಸಿದರು. ಮೇಲಿನ ಗುಡ್ಡಗಳಲ್ಲಿ ಉಳಿದವರಿಗೆ ರಸ್ತೆ ಮುಳುಗಿ ನೀರೇ ರಸ್ತೆಯಾಯಿತು. ಅಲ್ಲಿ ಲಾಂಚ್ ಎಂದರೆ ಬಸ್ಸು ಇದ್ದ ಹಾಗೆ. ಶಾಲೆಯ ಮಕ್ಕಳು, ಅಕ್ಕಿ ಮೂಟೆ, ಗ್ಯಾಸ್ ಸಿಲಿಂಡರ್, ಬಾಣಂತಿ ಎಲ್ಲರೂ ಅದರಲ್ಲೇ. ನೆಲ ಕಳೆದುಕೊಂಡ ಹಳ್ಳಿಗರು ಆಮೇಲೆ ಬಾಮಣೋಲಿ, ತಾಪೋಳಾದಲ್ಲಿ ಬೋಟ್ ಕ್ಲಬ್ ಮಾಡಿಕೊಂಡು ಪ್ರವಾಸಿಗರನ್ನು ಕರೆದೊಯ್ಯತೊಡಗಿದರು. ವಾಸೋಟಾ ಕೋಟೆಗೆ ಹತ್ತುವವರು ಹೆಚ್ಚಾಗಿ ಅವರ ದೋಣಿಯಲ್ಲೇ ಹೋಗುವುದು. 'ಜೆಟ್ಟಿ' ಎಂಬ ಒಂದೇ ಹೆಸರಲ್ಲಿ ಹಳ್ಳಿಗರ ಇಳಿದಾಣವನ್ನೂ ರೆಸಾರ್ಟಿನ ತೇಲುಕಟ್ಟೆಯನ್ನೂ ಸೇರಿಸಿ ಮಾತಾಡುವುದು ಸರಿಯಲ್ಲ. ನಮ್ಮ ನಿಯಮಗಳು ಮಾತ್ರ ಈ ಎರಡನ್ನೂ ಬೇರೆ ಮಾಡಿ ನೋಡುವುದೇ ಇಲ್ಲ.

ಈಗ ನಿಯಮಗಳಿಗೆ ಬರೋಣ. ಗಂಟು ಇರುವುದು ಇಲ್ಲೇ.

ಈ ಜಲಾಶಯಗಳು ಕಟ್ಟಿದ ಕಾಲದಲ್ಲಿ ಪರಿಸರ ಪರಿಶೀಲನೆ ಎಂಬ ಪದವೇ ಇರಲಿಲ್ಲ. ಅರಣ್ಯ ಸಂರಕ್ಷಣಾ ಕಾಯ್ದೆ ಬಂದದ್ದು 1980ರಲ್ಲಿ. ಭೋಪಾಲ ಅನಿಲ ದುರಂತದ ನಂತರ, 1986ರಲ್ಲಿ, ಪರಿಸರ ಸಂರಕ್ಷಣಾ ಕಾಯ್ದೆ ಬಂತು. ಅದರ ಕೆಳಗೆ 1994ರ ಜನವರಿಯಲ್ಲಿ ಮೊದಲ ಪರಿಸರ ಪರಿಣಾಮ ಅಧಿಸೂಚನೆ ಹೊರಬಿತ್ತು. ಅದರಲ್ಲಿ ಪ್ರವಾಸೋದ್ಯಮಕ್ಕೆ ಒಂದು ಸಾಲಿತ್ತು. ಸಮುದ್ರದ ಉಬ್ಬರದ ಗೆರೆಯಿಂದ 200 ರಿಂದ 500 ಮೀಟರಿನೊಳಗೆ, ಇಲ್ಲವೇ 1,000 ಮೀಟರಿಗಿಂತ ಎತ್ತರದಲ್ಲಿ, 5 ಕೋಟಿ ರೂಪಾಯಿಗಿಂತ ಜಾಸ್ತಿ ಬಂಡವಾಳದ ಯೋಜನೆಗೆ ಕೇಂದ್ರದ ಅನುಮತಿ ಬೇಕು. ಸಮುದ್ರದಂಡೆ ಮತ್ತು ಎತ್ತರದ ಗಿರಿಧಾಮ, ಈ ಎರಡೇ ಆ ಸಾಲು ಬರೆದವರ ಕಣ್ಣ ಮುಂದೆ ಇದ್ದಂತೆ ಕಾಣುತ್ತದೆ. ಇವೆರಡರ ನಡುವೆ, ಸಹ್ಯಾದ್ರಿಯ ಹೊಟ್ಟೆಯಲ್ಲಿರುವ ಜಲಾಶಯದ ದಂಡೆ ಲೆಕ್ಕಕ್ಕೇ ಬರಲಿಲ್ಲ.

ಆ ಸಾಲಿನ ಬೆಲೆ ಗೊತ್ತಾಗಿದ್ದು ಲವಾಸಾ ವಿವಾದದಲ್ಲಿ. ಮೋಸೆ ನದಿಗೆ ಕಟ್ಟಿದ ವರಸಗಾಂವ್ ಜಲಾಶಯದ ದಂಡೆಯಲ್ಲಿ ಖಾಸಗಿ ಕಂಪನಿಯೊಂದು ಕಟ್ಟಿದ ಗಿರಿಧಾಮದ ಊರು ಅದು. ಜಲಾಶಯದ ನೀರು ಪುಣೆಗೆ ಕುಡಿಯಲು ಬರುತ್ತದೆ, ಅಣೆಕಟ್ಟೆಯ ಬುಡದಲ್ಲಿ ಸಣ್ಣ ವಿದ್ಯುತ್ ಘಟಕವೂ ಇದೆ. ಯೋಜನೆಗೆ ರಾಜ್ಯದ ಅನುಮತಿ ಮೊದಲೇ ಸಿಕ್ಕಿತ್ತು. 2010ರ ನವೆಂಬರ್ 25ರಂದು ಕೇಂದ್ರ ಪರಿಸರ ಸಚಿವಾಲಯ ನೋಟಿಸ್ ಕೊಟ್ಟು ಕೆಲಸ ನಿಲ್ಲಿಸಲು ಹೇಳಿತು. ಆಗ ಎದ್ದ ದೊಡ್ಡ ವಾದಗಳಲ್ಲಿ ಒಂದು ಈ ಎತ್ತರದ್ದೇ. ಯೋಜನೆಯ ಯಾವ ಭಾಗ 1,000 ಮೀಟರ್ ದಾಟಿದೆ, ದಾಟದಿದ್ದರೆ ಕೇಂದ್ರಕ್ಕೆ ಕೇಳುವ ಹಕ್ಕಿದೆಯೇ ಅಂತ. ಕೋರ್ಟು, ಸ್ಥಳಪರಿಶೀಲನೆ ಎಲ್ಲ ಆಗಿ 2011ರ ನವೆಂಬರ್‌ನಲ್ಲಿ ಸುಮಾರು 2,000 ಹೆಕ್ಟೇರಿನ ಮೊದಲ ಹಂತಕ್ಕೆ ಷರತ್ತುಗಳೊಂದಿಗೆ ಅನುಮತಿ ಸಿಕ್ಕಿತು. 2018ರಲ್ಲಿ ಕಂಪನಿ ದಿವಾಳಿ ಪ್ರಕ್ರಿಯೆಗೆ ಹೋಯಿತು. ಆ ದಿನಗಳ ಪತ್ರಿಕೆಗಳನ್ನು ನಾನು ದಿನಾ ಬಿಡದೆ ಓದುತ್ತಿದ್ದೆ. ಗುಡ್ಡ ಎಷ್ಟು ಎತ್ತರ ಅನ್ನುವುದರ ಬಗ್ಗೆ ಪುಟಗಟ್ಟಲೆ ಚರ್ಚೆ ಇರುತ್ತಿತ್ತು. ಕೆಳಗಿನ ನೀರಿಗೆ ಏನಾಗುತ್ತದೆ ಅನ್ನುವುದಕ್ಕೆ ಅದರ ಅರ್ಧದಷ್ಟೂ ಜಾಗ ಸಿಗಲಿಲ್ಲ. ನನಗೆ ಅದು ಇವತ್ತಿಗೂ ಬೇಜಾರಿನ ಸಂಗತಿ.

ಅಷ್ಟರಲ್ಲಿ ನಿಯಮವೂ ಬದಲಾಗಿತ್ತು. 2006ರ ಸೆಪ್ಟೆಂಬರಿನ ಹೊಸ ಅಧಿಸೂಚನೆ ಯೋಜನೆಗಳನ್ನು ಗಾತ್ರದ ಮೇಲೆ ವಿಂಗಡಿಸಿತು. ಕಟ್ಟಡವಾದರೆ 20,000 ಚದರ ಮೀಟರಿನಿಂದ ಮೇಲೆ. ಬಂದರಿಗೆ ಅಳತೆಗೋಲು ಸರಕಿನ ಟನ್ನು. ವರ್ಷಕ್ಕೆ 50 ಲಕ್ಷ ಟನ್ ದಾಟಿದರೆ ಕೇಂದ್ರದ ಪಾಲು, ಕಡಿಮೆ ಇದ್ದರೆ ರಾಜ್ಯ ಮಟ್ಟದ್ದು. ನಲವತ್ತು ಜನರನ್ನು ಹತ್ತಿಸಿ ಇಳಿಸುವ ತೇಲುಜೆಟ್ಟಿಯನ್ನು ಯಾವ ಟನ್ನಿನಲ್ಲಿ ತೂಗುವುದು? ಕರಾವಳಿ ನಿಯಂತ್ರಣದ ನಿಯಮ ಗೋವಾದ ಹೊಳೆಗಳಲ್ಲಿ ಉಬ್ಬರ ಇಳಿತ ಮುಟ್ಟುವಲ್ಲಿಯವರೆಗೂ ಅನ್ವಯಿಸುತ್ತದೆ, ಆದ್ದರಿಂದ ಮಾಂಡವಿಯಲ್ಲಿ ಜೆಟ್ಟಿ ಕಟ್ಟಬೇಕಾದರೆ ಕೇಳಲೇಬೇಕು. ಮುಳಶಿಯಲ್ಲಿ ಉಬ್ಬರವಿಲ್ಲ, ಹಾಗಾಗಿ ಆ ನಿಯಮವೂ ಇಲ್ಲ.

ಉಳಿದದ್ದು ಜೌಗುಪ್ರದೇಶ ನಿಯಮ. 2017ರ ನಿಯಮ ಕುಡಿಯುವ ನೀರಿಗೆ, ನೀರಾವರಿಗೆ, ಮೀನು ಸಾಕಣೆಗೆ, ಉಪ್ಪಿಗೆ, ಮನರಂಜನೆಗೆ ಕಟ್ಟಿದ ಕೃತಕ ಕೆರೆಗಳನ್ನು ಹೊರಗಿಟ್ಟಿತು. ಹಾಗಾಗಿ ವರಸಗಾಂವ್, ಪಾನಶೇತ್ ಹೊರಗೆ. ವಿದ್ಯುತ್ತಿಗಾಗಿ ಕಟ್ಟಿದ ಜಲಾಶಯದ ಹೆಸರು ಹೊರಗಿಟ್ಟ ಪಟ್ಟಿಯಲ್ಲಿ ಇಲ್ಲ. ಹಾಗಂತ ಮುಳಶಿಗೆ ತಾನಾಗಿ ರಕ್ಷಣೆ ಸಿಗುವುದಿಲ್ಲ. ಸರ್ಕಾರ ಬೇರೆಯಾಗಿ ಅಧಿಸೂಚನೆ ಹೊರಡಿಸಬೇಕು. ಮನುಷ್ಯ ಕಟ್ಟಿದ ನೀರಿಗೂ ಈ ಗೌರವ ಸಿಗಬಹುದು ಅನ್ನಲು ದೂರ ಹೋಗಬೇಕಿಲ್ಲ. ನಾಸಿಕ ಜಿಲ್ಲೆಯ ನಾಂದೂರ್ ಮಧ್ಮೇಶ್ವರದ ಬ್ಯಾರೇಜಿನ ಹಿನ್ನೀರು 2020ರಲ್ಲಿ ಮಹಾರಾಷ್ಟ್ರದ ಮೊದಲ ರಾಮ್ಸರ್ ತಾಣ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶ, ಆಯಿತು. ಭೋಪಾಲದ ದೊಡ್ಡ ಕೆರೆಯೂ ರಾಮ್ಸರ್ ತಾಣ. ಅಲ್ಲಿ ಓಡುತ್ತಿದ್ದ ಕ್ರೂಸ್ ಮತ್ತು ಮೋಟಾರ್ ಬೋಟುಗಳನ್ನು ನಿಲ್ಲಿಸಲು ಹಸಿರು ನ್ಯಾಯಮಂಡಳಿ 2023ರಲ್ಲಿ ಹೇಳಿತು. ಆ ಕೆರೆಯ ನೀರನ್ನು ಜನ ಕುಡಿಯುತ್ತಾರೆ. ಪಾನಶೇತಿನ ನೀರನ್ನು ನಾವೂ ಕುಡಿಯುತ್ತೇವೆ, ಅಲ್ವಾ?

ಶಿವಸಾಗರದ ಮಾತು ಸ್ವಲ್ಪ ಬೇರೆ. ಅದರ ಸುತ್ತಲಿನ ಕಾಡು 1985ರಲ್ಲಿ ಅಭಯಾರಣ್ಯವಾಯಿತು, 2010ರಲ್ಲಿ ಸಹ್ಯಾದ್ರಿ ಹುಲಿ ಸಂರಕ್ಷಿತ ಪ್ರದೇಶದೊಳಗೆ ಸೇರಿತು. 2012ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೂ ಹೋಯಿತು. ಅಲ್ಲಿ ವನ್ಯಜೀವಿ ಕಾಯ್ದೆಯ ಕಾವಲಿದೆ. ಜೊತೆಗೆ ಅಣೆಕಟ್ಟೆಯ ಭದ್ರತೆಗಾಗಿ 1923ರ ಅಧಿಕೃತ ರಹಸ್ಯ ಕಾಯ್ದೆಯಡಿ ಜಲಾಶಯದ ಒಂದು ಭಾಗದಲ್ಲಿ ದೋಣಿಗಳಿಗೆ ನಿಷೇಧವಿತ್ತು. ಗೂಢಚಾರರನ್ನು ತಡೆಯಲೆಂದು ಬ್ರಿಟಿಷರು ಮಾಡಿದ ಆ ಕಾಯ್ದೆ ಒಂದಷ್ಟು ನೀರನ್ನು ಸದ್ದಿಲ್ಲದೆ ಇಟ್ಟಿತ್ತು. ಇತ್ತೀಚಿನ ವರ್ಷಗಳಲ್ಲಿ ಆ ನಿಷೇಧ ಸಡಿಲವಾಯಿತು. 2024ರಲ್ಲಿ ಮುನಾವಳೆಯಲ್ಲಿ ಸರ್ಕಾರದ ಜಲಪ್ರವಾಸೋದ್ಯಮ ಕೇಂದ್ರ ಶುರುವಾಯಿತು. ಭದ್ರತೆಯ ದೃಷ್ಟಿಯಿಂದ ಎಷ್ಟು ದೂರ ಬಿಡಬೇಕು ಅನ್ನುವುದು ಒಂದು ಲೆಕ್ಕ. ನೀರುನಾಯಿ, ಮೀನು, ಹಕ್ಕಿಯ ದೃಷ್ಟಿಯಿಂದ ಎಷ್ಟು ದೂರ ಬಿಡಬೇಕು ಅನ್ನುವುದು ಬೇರೆ ಲೆಕ್ಕ. ಎರಡನೆಯದಕ್ಕೆ ಮೊದಲನೆಯದನ್ನೇ ಸಾಲ ತಂದರೆ ಆಗುವುದಿಲ್ಲ.

ಜೆಟ್ಟಿಯಿಂದ ಅಂಥದ್ದೇನು ಆಗಿಬಿಡುತ್ತದೆ ಅಂತ ಕೇಳುವವರಿಗೆ ಮೇ ತಿಂಗಳಲ್ಲಿ ಒಮ್ಮೆ ದಂಡೆಗೆ ಹೋಗಿ ಬನ್ನಿ ಅನ್ನುತ್ತೇನೆ. ಕರೆಂಟಿನ ಕೆರೆ ಊರಕೆರೆಯಂತಲ್ಲ. ದಸರೆಯ ಹೊತ್ತಿಗೆ ತುಂಬಿ ತುಳುಕುತ್ತದೆ. ಆಮೇಲೆ ಯಂತ್ರ ತಿರುಗಿದಂತೆಲ್ಲ ನೀರು ಇಳಿಯುತ್ತ ಹೋಗಿ, ಮಳೆ ಬರುವ ಮುಂಚೆ ಎಷ್ಟೋ ಕಡೆ ಬರೀ ಕೆಂಪು ಕೆಸರು ಉಳಿದಿರುತ್ತದೆ. ಅಕ್ಟೋಬರಿನಲ್ಲಿ ಚೆಂದ ಕಾಣುವ ಜೆಟ್ಟಿ ಏಪ್ರಿಲ್‌ನಲ್ಲಿ ನೀರಿನಿಂದ ಎಷ್ಟೋ ದೂರ ಒಣನೆಲದ ಮೇಲೆ ಕೂತಿರುತ್ತದೆ. ಆಗ ಜೆಟ್ಟಿಯವರು ನೀರಿನ ಬೆನ್ನು ಹತ್ತುತ್ತಾರೆ. ಮುರುಮ್ (ಗರಸು ಮಣ್ಣು) ಹಾಕಿ ರಸ್ತೆ ಮಾಡುತ್ತಾರೆ, ಜೆಸಿಬಿ ತಂದು ದಂಡೆ ಕೊರೆಯುತ್ತಾರೆ. ಮುಂದಿನ ಮಳೆಗೆ ಆ ಮುರುಮೆಲ್ಲ ಕೆರೆಯ ಹೊಟ್ಟೆಗೆ.

ನೀರಿಳಿದಾಗ ತೆರೆದುಕೊಳ್ಳುವ ನೆಲಕ್ಕೆ ಮರಾಠಿಯಲ್ಲಿ ಗಾಳಪೇರ್ ಅನ್ನುತ್ತಾರೆ. ಹೂಳು ಕೂತ ಕೊಬ್ಬಿದ ಮಣ್ಣು. ನೆಲ ಮುಳುಗಿಸಿಕೊಂಡವರು ಕೆಲವು ತಿಂಗಳ ಮಟ್ಟಿಗೆ ಅಲ್ಲಿ ಕಡಲೆ, ತರಕಾರಿ ಬೆಳೆದುಕೊಳ್ಳುತ್ತಾರೆ. ದಾಖಲೆಯಲ್ಲಿ ಅದು ಜಲಾಶಯ, ಖಾಲಿ ಜಾಗ. ಅರ್ಜಿಯ ನಕ್ಷೆಯಲ್ಲಿ ಅದು ನೀಲಿ ಬಣ್ಣ. ಜೆಟ್ಟಿಯ ರಸ್ತೆ ಹಾಯುವುದು ಇದರ ಮೇಲೆಯೇ.

ಮೀನಿನ ಕಥೆಯೂ ಇದೆ. ನಮ್ಮ ದಖ್ಖನಿನ ಮಹಶೀರ್ ಮೀನನ್ನು ಶಾಸ್ತ್ರೀಯವಾಗಿ ಮೊದಲು ಗುರುತಿಸಿದ್ದು ಇದೇ ಮುಳಾ-ಮುಠಾ ನೀರಿನಲ್ಲಿ, 1839ರಲ್ಲಿ. ಅದು ಕಡಿಮೆಯಾಗುತ್ತಿದೆ ಅಂತ ಲೋಣಾವಳದ ವಳವಣ ಕೆರೆಯ ಬಳಿ ಟಾಟಾದವರು 1970ರ ದಶಕದಿಂದ ಮರಿ ಮಾಡಿಸಿ ಬಿಡುತ್ತ ಬಂದಿದ್ದಾರೆ. ಮಳೆಗಾಲದಲ್ಲಿ ಹಳ್ಳ ಕೆರೆಗೆ ಸೇರುವ ಜಾಗ ದಾಟಿ, ಮೇಲೆ ಜಲ್ಲಿಕಲ್ಲಿನ ನಡುವೆ ಮೊಟ್ಟೆ ಇಡುವ ಮೀನು ಅದು. ದೋಣಿ ಕಟ್ಟಲು ಗಾಳಿ ಕಡಿಮೆ ಇರುವ ಕೊಲ್ಲಿಯಂಥ ಜಾಗ ಹುಡುಕುತ್ತಾರೆ. ಆ ಕೊಲ್ಲಿಗಳು ಹೆಚ್ಚಾಗಿ ಈ ಹಳ್ಳದ ಬಾಯಿಗಳೇ.

ಮುಂದೆ ಇದು ಇನ್ನೂ ತೊಡಕಾಗಲಿದೆ. ನೀರನ್ನು ಕೆಳಗಿಳಿಸಿ ಕರೆಂಟ್ ತೆಗೆದು, ಕರೆಂಟ್ ಜಾಸ್ತಿ ಇರುವಾಗ ಅದೇ ನೀರನ್ನು ಮತ್ತೆ ಮೇಲೆತ್ತುವ ಪಂಪ್ಡ್ ಸ್ಟೋರೇಜ್ ಘಟಕಗಳು ಬರುತ್ತಿವೆ. ಟಾಟಾದವರು ಶಿರವಟಾ ಮತ್ತು ಭಿವಪುರಿಯಲ್ಲಿ ಸೇರಿ 2,800 ಮೆಗಾವಾಟಿನ ಯೋಜನೆಗೆ 2023ರಲ್ಲಿ ಒಪ್ಪಂದ ಮಾಡಿಕೊಂಡಿದ್ದಾರೆ. ಅವು ಶುರುವಾದರೆ ನೀರಿನ ಮಟ್ಟ ತಿಂಗಳಿಗೊಮ್ಮೆ ಅಲ್ಲ, ದಿನದಿನಕ್ಕೆ ಏರಿಳಿಯಬಹುದು. ಶಿವಸಾಗರದ ಕಡೆ ನೂರಾರು ಹಳ್ಳಿಗಳ 'ಹೊಸ ಮಹಾಬಳೇಶ್ವರ' ಯೋಜನೆ ಕಾಗದದ ಮೇಲಿದೆ. ಪಶ್ಚಿಮ ಘಟ್ಟದ ಪರಿಸರಸೂಕ್ಷ್ಮ ಪ್ರದೇಶದ ಕರಡು ಅಧಿಸೂಚನೆ 2014ರಿಂದ ಮತ್ತೆ ಮತ್ತೆ ಹೊರಟು, ಅವಧಿ ಮುಗಿದು, ಮತ್ತೆ ಹೊರಡುತ್ತಿದೆ.

ಇಷ್ಟೆಲ್ಲದರ ನಡುವೆ ಅರ್ಜಿಗಳು ಒಂದೊಂದಾಗಿ ಬರುತ್ತವೆ. ಒಂದೊಂದೂ ಚಿಕ್ಕದು. ಜಲಸಂಪನ್ಮೂಲದವರು ನೀರಿನ ಮಟ್ಟ ನೋಡುತ್ತಾರೆ, ಅರಣ್ಯದವರು ಮರ ನೋಡುತ್ತಾರೆ, ದೋಣಿಯ ಲೈಸೆನ್ಸಿನವರು ಲೈಫ್ ಜಾಕೆಟ್ ನೋಡುತ್ತಾರೆ. ಎಲ್ಲರೂ ತಮ್ಮ ಪಾಲಿನ ಕೆಲಸ ಮಾಡಿರುತ್ತಾರೆ. ಒಂದು ಕೆರೆಗೆ ಒಟ್ಟು ಎಷ್ಟು ದೋಣಿ ಸಾಕು, ಯಾವ ಕೊಲ್ಲಿಯನ್ನು ಮುಟ್ಟಬಾರದು, ಯಾರ ಗಾಳಪೇರ್ ಎಲ್ಲಿದೆ, ಮೊದಲ ಹಕ್ಕು ಯಾರದು, ಇವನ್ನು ಇಡೀ ಕೆರೆಯ ನಕ್ಷೆ ಹಾಸಿಕೊಂಡು ನೋಡುವ ಮೇಜು ಯಾವ ಕಚೇರಿಯಲ್ಲೂ ಇಲ್ಲ. ಅದನ್ನು ಮೊದಲು ಮಾಡಬೇಕು, ಜೆಟ್ಟಿ ಆಮೇಲೆ. ಬೇಸಿಗೆಯ ತಳಮಟ್ಟದಲ್ಲಿ ದಂಡೆ ಅಳೆಯಲು ಒಂದು ವರ್ಷ ಸಾಕು. ಎರಡು ಮಳೆಗಾಲ ಮೀನು ನೋಡಿದರೆ ಹಳ್ಳದ ಬಾಯಿಗಳೂ ಗೊತ್ತಾಗುತ್ತವೆ.

ಸೋದರಮಾವನಿಗೆ ಆವತ್ತು ಇಷ್ಟೆಲ್ಲ ಹೇಳಲು ಆಗಲಿಲ್ಲ. ಮರುವಾರ ಅವರನ್ನು ಬಾಮಣೋಲಿಗೆ ಕರೆದುಕೊಂಡು ಹೋದೆ. ಅಲ್ಲಿ ದೋಣಿಯವರು ಉದ್ದನೆಯ ಒಂದು ಹಲಗೆಯನ್ನು ದಂಡೆಯಿಂದ ದೋಣಿಗೆ ಹಾಸಿ ನಮ್ಮನ್ನು ಹತ್ತಿಸಿಕೊಂಡರು. ವಾಪಸ್ ಬಂದು ಇಳಿದ ಮೇಲೆ ಅದನ್ನು ಎತ್ತಿ ಹೆಗಲ ಮೇಲಿಟ್ಟುಕೊಂಡು ಹೋದರು. ದಂಡೆಯ ಕೆಸರಿನಲ್ಲಿ ನಮ್ಮ ಹೆಜ್ಜೆ ಗುರುತು ಮಾತ್ರ ಉಳಿದಿತ್ತು.